ರತ್ನಮ್ಮನ ಓಣಿ

ರತ್ನಮ್ಮನ ಓಣಿಗೆ ಕಾಲಿಡಬಾರದು ಎಂಬ ಒಂದೇ ಷರತ್ತಿನ ಮೇಲೆ ನನ್ನನ್ನು ಕುರುಗೋಡಿನಿಂದ ಬಳ್ಳಾರಿಯ ಕಾಲೇಜಿಗೆ ಕಳಿಸಿದರು. ಷರತ್ತು ಹಾಕಿದವನು ನನ್ನ ಅಜ್ಜ, ತಲೆಯಾಡಿಸಿದವಳು ನಾನು, ಕಾಲೇಜು ಸೇರಿದ ಮೊದಲ ವಾರದಲ್ಲೇ ಅದನ್ನು ಮುರಿದವಳೂ ನಾನೇ. ಓಣಿ ಸಿಗಲಿಲ್ಲ ಅನ್ನುವುದು ಬೇರೆ ಮಾತು. ಆಗ ಶುರುವಾದ ಹುಡುಕಾಟ, ಸಿರುಗುಪ್ಪದಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವ ಈ ವಯಸ್ಸಿನವರೆಗೂ ನನ್ನನ್ನು ಬಿಡಲಿಲ್ಲ. ಹಳೆಯ ಮಾಸಪತ್ರಿಕೆಗಳಲ್ಲಿ ಹೂತುಹೋದ ಹೆಣ್ಣುಮಕ್ಕಳ ಕಥೆಗಳನ್ನು ಕೆದಕಿ ತೆಗೆದು ಒಂದು ಸಂಕಲನ ಮಾಡಲು ಹೊರಟಿದ್ದೆ. ಸಿಕ್ಕಷ್ಟು ಸಾಕು, ಅಚ್ಚಿಗೆ ಕೊಡಿ ಎಂದು ಹೇಳದವರಿಲ್ಲ. ರತ್ನಮ್ಮ ಸಿಗುವ ತನಕ ಕೊಡುವುದಿಲ್ಲ ಎಂದು ನಾನು ಹಠ ಹಿಡಿದು ಕೂತಿದ್ದೆ. ಈ ಹಠ ಎಲ್ಲಿಯದು ಎಂದು ತಿಳಿಯಬೇಕಾದರೆ ಕುರುಗೋಡಿನ ನಮ್ಮ ಮನೆಗೆ ಬರಬೇಕು, ಬರುವುದಿದ್ದರೆ ಬೇಸಿಗೆಯಲ್ಲೇ ಬರಬೇಕು.

ಕುರುಗೋಡಿನ ಬಿಸಿಲು ಬರೀ ಮೇಲಿನಿಂದ ಬರುವುದಿಲ್ಲ. ಸುತ್ತಲಿನ ಗುಡ್ಡದ ಬಂಡೆಗಳಿಂದ, ಮನೆಯ ಗೋಡೆಯಿಂದ, ಕಾಲಡಿಯ ಚಪ್ಪಡಿಯಿಂದಲೂ ಬರುತ್ತದೆ. ನಮ್ಮದು ಮಣ್ಣಿನ ಮಾಳಿಗೆಯ ಕಲ್ಲುಮನೆ. ಮುಂದೆ ಗಂಡಸರ ಪಡಸಾಲೆ, ಆಮೇಲೆ ದೇವರ ಜಗುಲಿಯಿದ್ದ ನಡುಮನೆ, ಅದರಾಚೆ ಅಡುಗೆಮನೆ, ಪಕ್ಕದ ಸಂದಿ ದಾಟಿದರೆ ಬೇವಿನ ಮರದ ಹಿತ್ತಲು. ಅಡುಗೆಮನೆಗೆ ಇದ್ದದ್ದು ಒಂದೇ ಬಾಗಿಲು, ಅದಕ್ಕೆ ಒಳಗಿನಿಂದ ಹಾಕುವ ಕಟ್ಟಿಗೆಯ ಅಗಳಿ. ಅಡುಗೆ ಮಾಡುವಾಗ ಬೆಕ್ಕು ನುಗ್ಗದಿರಲೆಂದು ಅಜ್ಜನೇ ಬಡಿಗನನ್ನು ಕರೆಸಿ ಆ ಅಗಳಿ ಮಾಡಿಸಿದ್ದ. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳಲು, ಬೆಳಿಗ್ಗೆ ಎದ್ದು ಪೂಜೆ ಮಾಡಿಕೊಳ್ಳಲು ನಮ್ಮಲ್ಲಿ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಊಟಕ್ಕಿತ್ತು. ಮನೆಯ ಕೊನೆಯ ಗಂಡಸು ಉಂಡು ಕೈ ತೊಳೆದ ಮೇಲೆ ಹೆಂಗಸರ ತಾಟು. ಆ ಕೊನೆಯ ಗಂಡಸು ಹೊಲದಲ್ಲಿದ್ದರೆ ಸರಿ, ಊರಬಾಗಿಲ ಅಗಸೆಕಟ್ಟೆಯ ಮೇಲೆ ಹರಟೆಗೆ ಕೂತಿದ್ದರೂ ಅದೇ ಕಾನೂನು. ಬೆಳಗಿನ ಜಾವಕ್ಕೆ ಎದ್ದು ಜೋಳದ ರೊಟ್ಟಿ ಬಡಿದು ಬುಟ್ಟಿ ತುಂಬಿಸಿದ ನಮ್ಮವ್ವ, ಚಿಕ್ಕಪ್ಪನ ಹೆಂಡತಿ ಚಿಗವ್ವ ಇಬ್ಬರೂ ಪುಂಡಿಪಲ್ಯದ ಗಡಿಗೆಯ ಪಕ್ಕದಲ್ಲೇ ಹೊಟ್ಟೆ ಅಮುಕಿಕೊಂಡು ಕೂತಿರುತ್ತಿದ್ದದ್ದು ನನ್ನ ಕಣ್ಣ ಮುಂದಿದೆ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆ ಮನೆಯಲ್ಲಿ ಓದು ಬರುತ್ತಿದ್ದ ಹೆಂಗಸು ಒಬ್ಬಳೇ: ಅಜ್ಜನ ಅಕ್ಕ, ಗುರಮ್ಮಜ್ಜಿ. ಬಳ್ಳಾರಿಯಲ್ಲಿ ಸಾಲಿ ಮಾಸ್ತರರಾಗಿದ್ದ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಬರುವಾಗ ಒಡವೆಯ ಪೆಟ್ಟಿಗೆಯ ಬದಲು ಒಂದು ಟ್ರಂಕಿನ ತುಂಬ ಹೆಂಗಸರ ಮಾಸಪತ್ರಿಕೆ ತಂದಳೆಂದು ಊರೆಲ್ಲ ನಕ್ಕಿತ್ತಂತೆ. ಆ ಟ್ರಂಕಿಗೆ ಗೆದ್ದಲು ಹತ್ತಿತು. ಗೆದ್ದಲ ಬಾಯಿಗೆ ಹೋಗುವುದಕ್ಕಿಂತ ಮನೆಗೊಂದು ಬುಟ್ಟಿಯಾದರೂ ಆಗಲಿ ಎಂದು ಆಕೆ ಪ್ರತಿ ಬೇಸಿಗೆ ಒಂದಿಷ್ಟು ಪತ್ರಿಕೆ ಹೊರಗೆ ತೆಗೆಯುತ್ತಿದ್ದಳು. ಮೆಂತ್ಯದ ಬುಟ್ಟಿ ಮಾಡುವುದನ್ನು ಈಗಿನವರು ನೋಡಿರಲಿಕ್ಕಿಲ್ಲ. ಹಾಳೆಗಳನ್ನು ಚೂರು ಮಾಡಿ ಹಿತ್ತಲಿನ ಕಲ್ಲುಬಾನಿಯಲ್ಲಿ ನೆನೆಹಾಕಬೇಕು. ಅವು ಕೊಳೆತು ಮೆತ್ತಗಾದ ಮೇಲೆ ನೆನೆದ ಮೆಂತ್ಯದ ಜೊತೆ ಒರಳಿಗೆ ಹಾಕಿ ನುಣ್ಣಗೆ ರುಬ್ಬಬೇಕು. ಬೋರಲು ಹಾಕಿದ ಗಡಿಗೆಯ ಮೇಲೆ ಆ ಮುದ್ದೆಯನ್ನು ತಟ್ಟಿ ಒಣಗಿಸಿದರೆ, ಗಡಿಗೆಯಿಂದ ಬುಟ್ಟಿ ಬಿಟ್ಟುಕೊಂಡು ಬರುತ್ತದೆ. ಮೇಲೆ ಕೆಮ್ಮಣ್ಣು, ಸುಣ್ಣದ ಬೊಟ್ಟು. ಬೇಳೆ, ಮೆಣಸಿನಕಾಯಿ, ಸೇಂಗಾ ಏನು ತುಂಬಿಟ್ಟರೂ ಹುಳ ಹತ್ತುವುದಿಲ್ಲ, ಮೆಂತ್ಯದ ಕಹಿಗೆ. ಇದು ಎಲ್ಲ ಮನೆಯಲ್ಲೂ ನಡೆಯುತ್ತಿದ್ದ ಕೆಲಸ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೊಂದು ಕಟ್ಟಳೆಯಿತ್ತು, ಗುರಮ್ಮಜ್ಜಿಯ ಕಟ್ಟಳೆ.

"ಓದದ ಹಾಳಿ ನೀರಿಗೆ ಬೀಳಬಾರದು."

ಅಜ್ಜನಿಗಿಂತ ಹಿರಿಯಳಾದ್ದರಿಂದ ಆಕೆಯ ಮಾತಿಗೆ ಎದುರಾಡುವ ಗಂಡಸು ಮನೆಯಲ್ಲಿರಲಿಲ್ಲ. ಹೀಗಾಗಿ ಬುಟ್ಟಿಯ ನೆಪದಲ್ಲಿ ಹೆಂಗಸರಿಗೆ ವರ್ಷದಲ್ಲಿ ಕೆಲವು ಮಧ್ಯಾಹ್ನಗಳು ಸಿಗುತ್ತಿದ್ದವು. ಬೇವಿನ ನೆರಳಲ್ಲಿ ಬಾನಿಯ ಸುತ್ತ ನಮ್ಮವ್ವ, ಚಿಗವ್ವ, ಬುಟ್ಟಿ ತಟ್ಟುವುದರಲ್ಲಿ ಊರಿಗೇ ಹೆಸರಾದ ಪಕ್ಕದ ಮನೆಯ ಖಾದರಬಿ, ನಡುವೆ ನಾನು. ಗುರಮ್ಮಜ್ಜಿ ಗೋಡೆಗೆ ಒರಗಿ ಕನ್ನಡಕ ಏರಿಸಿ ಓದುವವಳು. ಪುಸ್ತಕದ ಭಾಷೆಯಲ್ಲಿ ಓದಿದರೆ ಈ ಹೆಂಗಸರು ತೂಕಡಿಸುತ್ತಾರೆಂದು ಆಕೆಗೆ ಗೊತ್ತಿತ್ತು; ಕಣ್ಣು ಹಾಳೆಯ ಮೇಲಿಟ್ಟು ಬಾಯಲ್ಲಿ ನಮ್ಮ ಮಾತಾಡುತ್ತಿದ್ದಳು. ಓದಿ ಮುಗಿದ ಹಾಳೆಗಳನ್ನು ಒಂದೊಂದಾಗಿ ನಮ್ಮ ಕೈಗೆ ಕೊಡುತ್ತಿದ್ದಳು, ಹರಿಯಲು. ಕಥೆಯ ಕೊನೆಯ ಹಾಳೆಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಅದನ್ನು ತಾನೇ ನೀರಿಗೆ ಬಿಟ್ಟು ಕೈಯಿಂದ ಅದುಮುತ್ತಿದ್ದಳು. ನಾನು ಅಕ್ಷರ ಕೂಡಿಸಿ ಓದಲು ಕಲಿತ ವರ್ಷ, ಅದನ್ನು ನನಗೆ ಕೊಡು ಎಂದು ಕೈ ಚಾಚಿದ್ದೆ. "ಕೈ ತೊಳಕೊಂಡು ಬಾ ಹೋಗು" ಅಂದಳು. ತೊಳೆದು ಬರುವಷ್ಟರಲ್ಲಿ ಹಾಳೆ ನೀರೊಳಗಿತ್ತು. ಹಿರಿಯರ ಒಂದು ಪದ್ಧತಿ ಇರಬೇಕೆಂದುಕೊಂಡೆ.

ರತ್ನಮ್ಮ ನಮ್ಮ ಮನೆಗೆ ಬಂದದ್ದು ಹೀಗೆ ಒಂದು ಮಧ್ಯಾಹ್ನ. ಬಳ್ಳಾರಿಯಲ್ಲಿ ಒಬ್ಬ ಗುಮಾಸ್ತನ ಹೆಂಡತಿ. ಕಚೇರಿಗೆ ರಜೆಯಿದ್ದ ದಿನ ಗಂಡ ಇಸ್ಪೀಟಿಗೆ ಕೂತನೆಂದರೆ ಹೊತ್ತು ಇಳಿದರೂ ಊಟಕ್ಕೆ ಬರುವವನಲ್ಲ. ಆತ ಉಣ್ಣದೆ ಈಕೆ ಉಣ್ಣುವ ಹಾಗಿಲ್ಲ. ಆರಿದ ಅನ್ನ ಮತ್ತೆ ಬಿಸಿ ಮಾಡುವುದು, ಬಾಗಿಲಿಗೆ ಬಂದು ನೋಡುವುದು, ಒಳಗೆ ಹೋಗುವುದು. ಒಂದು ದಿನ ಆಕೆ ತಾಟು ತೆಗೆದುಕೊಂಡು ತಾನೇ ಬಡಿಸಿಕೊಂಡಳು. ಹೊಟ್ಟೆ ತುಂಬ ಉಂಡಳು. ಬಾಗಿಲ ಅಗಳಿ ಹಾಕಿ ಚಾಪೆಯ ಮೇಲೆ ಉರುಳಿದಳು. ಗುರಮ್ಮಜ್ಜಿ ಕಥೆಯನ್ನು ಮುಗಿಸಿದ ಮಾತು ನನಗೆ ಬಾಯಿಪಾಠವಾಗಿದೆ:

"ಗಂಡ ಬಂದು ಬಾಗ್ಲಾ ಬಡದ. ರತ್ನಮ್ಮ ಏಳಲಿಲ್ಲ. ಆಕಿ ಉಂಡಿದ್ಲು, ಆಕಿಗೆ ನಿದ್ದಿ ಬಂದಿತ್ತು."

ಒರಳಿನ ಸದ್ದು ನಿಂತಿತು. ಮೊದಲು ಬಾಯಿ ತೆರೆದವಳು ಚಿಗವ್ವ.

"ಅಲ್ಲ ಅತ್ತಿ, ಮುಂದೇನಾತು? ಆತ ಹೊಡದಿರಬೇಕಲ್ಲ?"

"ಬಾಗ್ಲಾ ತಗದ್ರ ತಾನ ಹೊಡಿಯಾದು," ಅಂದಳು ಖಾದರಬಿ.

"ಉಂಡಿದ್ದು ಸರಿ. ಗಂಡನ್ನ ಬಿಸಿಲಾಗ ನಿಲ್ಲಿಸಬಾರದಾಗಿತ್ತು," ಎಂದು ನಮ್ಮವ್ವ.

ಯಾರಿಗೂ ಅದು ಕಥೆ ಎಂದು ಅನಿಸಲೇ ಇಲ್ಲ. ಅಚ್ಚಾದದ್ದೆಂದರೆ ನಡೆದದ್ದು, ಅಷ್ಟೇ. ಬಳ್ಳಾರಿಯಲ್ಲಿ ರತ್ನಮ್ಮ ಎಂಬ ಹೆಂಗಸು ಹೀಗೆ ಮಾಡಿದ್ದಾಳೆ, ಗುರಮ್ಮಜ್ಜಿಗೆ ಸುದ್ದಿ ಬಂದಿದೆ ಎಂದೇ ಅವರು ತಿಳಿದರು. ಗುರಮ್ಮಜ್ಜಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ರತ್ನಮ್ಮನ ಹಾಳೆಗಳು ಮೆಣಸಿನಕಾಯಿಯ ಬುಟ್ಟಿಯಾದವು, ಆದರೆ ರತ್ನಮ್ಮ ಮನೆಯಲ್ಲಿ ಉಳಿದಳು. ಆಕೆ ಮಾಡಿದ್ದು ಸರಿಯೋ ತಪ್ಪೋ ಎಂಬುದರ ಮೇಲೆ ಅವ್ವನಿಗೂ ಚಿಗವ್ವನಿಗೂ ಜಗಳವಾಗಿ ಒಂದು ದಿನವಿಡೀ ಮಾತು ಬಿಟ್ಟಿದ್ದರು. ಆಮೇಲೆ ಯಾವಾಗಲೋ, ಗಂಡಸರು ಕಟ್ಟೆಯಿಂದ ಏಳದ ಒಂದು ಮಧ್ಯಾಹ್ನ, ಚಿಗವ್ವ ಒಂದು ರೊಟ್ಟಿಯನ್ನು ಎರಡು ಮಾಡಿ ಅರ್ಧ ಅವ್ವನ ಕೈಗಿಟ್ಟು, "ರತ್ನಮ್ಮನ ಊಟ ಮಾಡೂಣು ಬಾ ಅಕ್ಕ" ಅಂದಳು. ಅಂದಿನಿಂದ ಅದು ನಮ್ಮ ಅಡುಗೆಮನೆಯ ಮಾತಾಯಿತು. ಹಸಿವಾದಾಗ ಕಾಯದೆ ಉಣ್ಣುವುದಕ್ಕೆ ರತ್ನಮ್ಮನ ಊಟ ಎಂದು ಹೆಸರು. ಮೊದಲು ಅರ್ಧ ರೊಟ್ಟಿ, ಆಮೇಲೆ ಇಡೀ ರೊಟ್ಟಿ, ಮುಂದೆ ಪಲ್ಯ, ಗುರೆಳ್ಳು ಚಟ್ನಿ, ಮಜ್ಜಿಗೆ.

ಮಾತು ಗೋಡೆ ದಾಟಿ ಅಜ್ಜನ ಕಿವಿಗೂ ಬಿತ್ತು. ಬಳ್ಳಾರಿಯಲ್ಲಿ ಯಾವಳೋ ರತ್ನಮ್ಮ ಇದ್ದಾಳೆ, ನಮ್ಮ ಸೊಸೆಯರ ತಲೆ ಕೆಡಿಸುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಸೇಂಗಾ ಮಾರಲು ಬಳ್ಳಾರಿಗೆ ಹೋದಾಗ ಕೌಲ್ ಬಜಾರಿನ ಓಣಿ ಓಣಿ ತಿರುಗಿ, ಕನ್ನಡದಲ್ಲಿ ಒಂದು ಸಲ ತೆಲುಗಿನಲ್ಲಿ ಒಂದು ಸಲ, ಗಂಡನನ್ನು ಹೊರಗೆ ನಿಲ್ಲಿಸುವ ರತ್ನಮ್ಮನ ಮನೆ ಯಾವುದು ಎಂದು ವಿಚಾರಿಸಿದನಂತೆ. ಆ ಗಂಡ ಸಿಕ್ಕರೆ ನಾಲ್ಕು ಬುದ್ಧಿಮಾತು ಹೇಳಬೇಕೆಂದಿತ್ತು. ಬಿಸಿಲಲ್ಲಿ ಬೆಂದು ಬರಿಗೈಯಲ್ಲಿ ವಾಪಸಾದ.

"ಅಂಥಾಕಿ ಯಾರೂ ಇಲ್ಲಂತ ಅಲ್ಲಿ," ಎಂದು ಪಡಸಾಲೆಯಿಂದ ಕೂಗಿ ಹೇಳಿದ.

"ಮನಿ ಬದಲ ಮಾಡ್ಯಾಳೇನೋ," ಎಂದು ಚಿಗವ್ವ ಒಲೆಯ ಮುಂದೆ ಮೆಲ್ಲಗೆ ಅಂದಳು. ಗುರಮ್ಮಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಎದ್ದು ಹೋದಳು.

ನಾನು ಹತ್ತನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ರೂಪನಗುಡಿಯಿಂದ ಒಂದು ಸಂಬಂಧ ಬಂತು. ನೀರಾವರಿ ಹೊಲ, ದೊಡ್ಡ ಮನೆ. ಅಜ್ಜನೂ ಅಪ್ಪನೂ ಪಡಸಾಲೆಯಲ್ಲೇ ಮಾತು ಮುಗಿಸಿ ಎಲೆಯಡಿಕೆ ಹಾಕಿಕೊಂಡರು. ಒಳಗೆ ನಾನು ಕಾಲೇಜಿಗೆ ಹೋಗುತ್ತೇನೆಂದು ಅಳುತ್ತಿದ್ದೆ. ಅಪ್ಪನಿಗೆ ಎದುರು ನಿಂತು ಒಂದು ಮಾತು ಆಡಿದವಳಲ್ಲ ನಮ್ಮವ್ವ. ರತ್ನಮ್ಮನದು ತಪ್ಪೆಂದು ವಾದಿಸಿದವಳೂ ಅವಳೇ. ಅಂದು ಅಡುಗೆ ಮುಗಿಸಿ, ಕೈ ತೊಳೆದು, ನನ್ನನ್ನೂ ಚಿಗವ್ವನನ್ನೂ ಒಳಗೆ ಕರೆದುಕೊಂಡು ಅಡುಗೆಮನೆಯ ಬಾಗಿಲು ಹಾಕಿದಳು. ಅಗಳಿ ಸರಿಸಿದ ಸದ್ದು ಇಡೀ ಮನೆಗೆ ಕೇಳಿಸಿತು. ತಾಟು ಹಾಕಿ, "ಉಣ್ರಿ" ಅಂದಳು. ತಾನೂ ಕೂತು ನಿಧಾನವಾಗಿ ಅಗಿದು ಅಗಿದು ಉಂಡಳು. ಮದುವೆಯಾಗಿ ಬಂದ ಮೇಲೆ ಬಿಸಿ ರೊಟ್ಟಿ ಉಂಡದ್ದು ಅದೇ ಮೊದಲೆಂದು ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಹೊರಗೆ ಹೊತ್ತಾಯಿತು. ಅಪ್ಪ ಬಂದು ಬಾಗಿಲು ತಟ್ಟಿದ.

"ಲೇ, ಬಾಗ್ಲಾ ತಗಿ. ನಮ್ಮಪ್ಪ ಹಸಗೊಂಡು ಕುಂತಾನ."

"ಹುಡುಗಿ ಬಳ್ಳಾರಿಗೆ ಓದಾಕ ಹೋಗ್ತಾಳ ಅನ್ರಿ, ತಗೀತೀನಿ."

"ಹೆಂಗಸರು ಹಿಂಗ ಮಾಡಿದ್ದು ಎಲ್ಲ್ಯಾರ ಐತೇನು?"

"ರತ್ನಮ್ಮ ಮಾಡ್ಯಾಳಲ್ಲ."

ನಡುಮನೆಯಲ್ಲಿ ಅಜ್ಜ ಗುಡುಗಿದ. ಹೊರಗಿದ್ದ ಗುರಮ್ಮಜ್ಜಿ ಅವನ ಎದುರಿಗೆ ಹೋಗಿ ಕೂತಳು. ಆಕೆ ಅಂದದ್ದು ಬಾಗಿಲ ಸಂದಿಯಿಂದ ನಮಗೆಲ್ಲ ಕೇಳಿಸಿತು.

"ಹಸಿವಾಗೈತೇನಪ್ಪ? ನಮಗ ದಿನಾ ಆಗತೈತಿ."

ಅಜ್ಜ ಕೆಟ್ಟವನಲ್ಲ, ಹೆಂಗಸರಿಗೂ ಹಸಿವಾಗುತ್ತದೆಂದು ಯಾರೂ ಹೇಳಿರಲಿಲ್ಲ, ಅವನಾಗಿ ಕೇಳಿರಲಿಲ್ಲ. ಕೊನೆಗೆ ಎದ್ದು ಬಾಗಿಲ ಹತ್ತಿರ ಬಂದು, "ಕಳಸ್ರಿ, ಓದ್ಲಿ. ಆದ್ರ ಆ ರತ್ನಮ್ಮನ ಓಣಿಗೆ ಕಾಲಿಡಬಾರದು" ಅಂದ. ಅವ್ವ ಅಗಳಿ ತೆಗೆದಳು. ಅಜ್ಜನ ತಾಟಿಗೆ ರೊಟ್ಟಿ ಹಾಕಿದಳು. ನನ್ನ ಓದು, ನೌಕರಿ, ಸಿರುಗುಪ್ಪದ ಮನೆ, ನನ್ನದೆಂದು ಹೇಳಿಕೊಳ್ಳುವುದೆಲ್ಲ ಆ ಅಗಳಿಯಿಂದ ಬಂದದ್ದು.

ಕಾಲೇಜಿನ ಮೊದಲ ವಾರ ಕೌಲ್ ಬಜಾರಿನಲ್ಲಿ ನಾನೂ ಅಜ್ಜನಂತೆಯೇ ಅಲೆದೆ. ತಗಡು ಬಡಿಯುವವರು, ಹೊಲಿಗೆ ಯಂತ್ರಗಳ ಸಾಲು, ಮಿರ್ಚಿ ಕರಿಯುವ ಬಂಡಿಗಳು. ರತ್ನಮ್ಮ ಎಂದರೆ ಎಲ್ಲರೂ ತಲೆ ಕೆರೆದುಕೊಳ್ಳುವವರೇ. ದಸರೆಯ ರಜೆಗೆ ಊರಿಗೆ ಬಂದಾಗ ಗುರಮ್ಮಜ್ಜಿಯ ಎದುರು ದೂರು ಹೇಳಿದೆ. ಆಕೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕಳು.

"ಅದು ಕಥಿ ಲೇ, ನೀಲಾ. ಯಾವಾಕಿಯೋ ಹೆಣ್ಣುಮಗಳು ಕುಂತು ಬರದಿದ್ದು. ನಿಮ್ಮವ್ವಗ ಈಗ್ಲೇ ಹೇಳಬ್ಯಾಡ. ಪಾಪ, ಒಂದಿನ ಆಕಿನ್ನ ನೋಡಾಕ ಹೋಗಬೇಕಂತ ಸೀರಿ ತಗದಿಟ್ಟಾಳ."

ಯಾವಾಕಿ ಎಂದು ಕೇಳಿದೆ. ಹೆಸರು ನೆನಪಿಲ್ಲ ಅಂದಳು. ಟ್ರಂಕು ಅಷ್ಟರಲ್ಲಿ ಖಾಲಿಯಾಗಿತ್ತು. ಗುರಮ್ಮಜ್ಜಿ ಹೋದಳು, ಅಜ್ಜ ಹೋದ, ಖಾದರಬಿ ಹೋದಳು, ನೋಡಬೇಕೆಂದಿದ್ದ ರತ್ನಮ್ಮನನ್ನು ನೋಡದೆ ನಮ್ಮವ್ವನೂ ಹೋದಳು. ಓಣಿಯಲ್ಲಿ ಸಿಗದವಳನ್ನು ನಾನು ಹಾಳೆಗಳಲ್ಲಿ ಹುಡುಕತೊಡಗಿದೆ. ಹುಡುಕುತ್ತ ಹೋದಂತೆ ಅವಳನ್ನು ಬರೆದಾಕೆಯ ವಾರಿಗೆಯವರು ಸಾಲುಗಟ್ಟಿ ಸಿಕ್ಕರು. ಇನಿಷಿಯಲ್ಲಿನ ಹಿಂದೆ ಅಡಗಿದವರು, ಗಂಡನ ಹೆಸರಿನ ಹಿಂದೆ ನಿಂತವರು, ಒಂದೇ ಕಥೆ ಬರೆದು ಮಾಯವಾದವರು. ಒಬ್ಬಳು ಬಾವಿಕಟ್ಟೆಯ ಮೇಲೆ ಕೂತು ಓದು ಕಲಿತ ಸೊಸೆಯ ಬಗ್ಗೆ ಬರೆದಿದ್ದಳು, ಇನ್ನೊಬ್ಬಳು ಎರಡನೆಯ ಹೆಂಡತಿಗೆ ಮೊದಲನೆಯವಳು ಹೇಳಿಕೊಡುವ ಬುದ್ಧಿಯ ಬಗ್ಗೆ. ಎಷ್ಟು ಚುರುಕು, ಎಂಥ ನಗೆ. ಇವರಿಲ್ಲದೆ ನಮ್ಮ ಕಥೆಗಳ ಚರಿತ್ರೆ ಬರೆದವರ ಮೇಲೆ ನನಗಿರುವ ಕೋಪ ಮಂಡಿ ನೋವಿನಂತೆ, ಆರಿತು ಅನ್ನುವಷ್ಟರಲ್ಲಿ ಮತ್ತೆ ಏಳುತ್ತದೆ. ರತ್ನಮ್ಮ ಮಾತ್ರ ಯಾವ ಗ್ರಂಥಾಲಯದಲ್ಲೂ ಸಿಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಶಮೀಮ ಫೋನ್ ಮಾಡಿದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕೌಲ್ ಬಜಾರಿನಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿ ನಡೆಸುತ್ತಾಳೆ. ಮನೆ ಖಾಲಿ ಮಾಡುತ್ತಿದ್ದ ಯಾರೋ ಹಳೆಯ ಮಾಸಪತ್ರಿಕೆಯ ಒಂದು ಕಟ್ಟನ್ನು ರಟ್ಟು ಹಾಕಿಸಲು ತಂದಿದ್ದರಂತೆ.

"ಮೇಡಂ, ನಿಮ್ಮ ರತ್ನಮ್ಮ ಇದರಾಗ ಅದಾಳ ನೋಡ್ರಿ. ಬರ್ರಿ ಲಗೂನ."

ಮೊದಲ ಬಸ್ಸಿಗೆ ಹೋದೆ. ಅಂಟಿನ ವಾಸನೆಯ ಆ ಸಣ್ಣ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಹಾಳೆ ತಿರುವಿದೆ. ಅಜ್ಜ ಹುಡುಕಿದ ಬಜಾರಿನಲ್ಲೇ ಆಕೆ ಸಿಕ್ಕಿದ್ದಳು. ಗುಮಾಸ್ತ, ಇಸ್ಪೀಟು, ಆರಿದ ಅನ್ನ, ಎಲ್ಲವೂ ಇತ್ತು. ಬರೆದವಳ ಹೆಸರಿನ ಜಾಗದಲ್ಲಿ ‘ಒಬ್ಬ ಸೋದರಿ, ಬಳ್ಳಾರಿ’ ಎಂದಷ್ಟೇ. ತುಟಿ ಅಲುಗಿಸುತ್ತ ಓದುತ್ತ ಕೊನೆಯ ಹಾಳೆಗೆ ಬಂದೆ. ಅಲ್ಲಿ ಹೀಗಿತ್ತು: ‘ಪತಿಯು ಕದ ತಟ್ಟಿದ ಶಬ್ದಕ್ಕೆ ರತ್ನಮ್ಮನು ಬೆಚ್ಚಿ ಎದ್ದು, ಕದವನ್ನು ತೆರೆದು, ಆತನ ಪಾದಗಳ ಮೇಲೆ ಬಿದ್ದು ಕಣ್ಣೀರಿನಿಂದ ತೊಳೆದಳು. ಸೋದರಿಯರೇ, ಹಸಿವೇ ಸ್ತ್ರೀಯರ ಪರಮವೈರಿಯು.’

ಮತ್ತೆ ಓದಿದೆ. ಮುಂದಿನ ಸಂಚಿಕೆಯಲ್ಲಿ ಉಳಿದ ಭಾಗ ಇರಬಹುದೇ ಎಂದು ಹುಚ್ಚಿಯಂತೆ ಹಿಂದೆ ಮುಂದೆ ತಿರುವಿದೆ. ಕಥೆಯುದ್ದಕ್ಕೂ ಹಸಿವನ್ನು ಅಷ್ಟು ಬಲ್ಲ ಕೈ, ಕೊನೆಗೆ ಇದನ್ನು ಬರೆಯಿತೇ, ಬೇರೆ ಯಾರಾದರೂ ಬರೆಸಿದರೇ, ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ಇಲ್ಲ. ಆಗ ಬಾನಿಯ ನೀರಲ್ಲಿ ಹಾಳೆ ಅದುಮುತ್ತಿದ್ದ ಗುರಮ್ಮಜ್ಜಿಯ ಕೈ ಕಣ್ಣೆದುರು ಬಂತು. ಕೊನೆಯ ಹಾಳೆ ಯಾರ ಕೈಗೂ ಸಿಗದಂತೆ ಆಕೆ ಯಾಕೆ ನೋಡಿಕೊಂಡಳೆಂದು ಆ ಸ್ಟೂಲಿನ ಮೇಲೆ ನನಗೆ ತಿಳಿಯಿತು. ನಗು ಬಂತು, ಅಳುವೂ ಬಂತು. ನಮ್ಮವ್ವ ಯಾವ ಕಥೆಯನ್ನು ನಂಬಿ ಅಗಳಿ ಹಾಕಿದಳೋ ಆ ಕಥೆ ಎಲ್ಲೂ ಅಚ್ಚಾಗಿರಲಿಲ್ಲ.

ಸಂಕಲನಕ್ಕೆ ನನ್ನ ಜೊತೆ ಕೆಲಸ ಮಾಡುವ ಪ್ರಾಧ್ಯಾಪಕರು, ಅಚ್ಚಾದದ್ದೇ ಮೂಲ, ಹಾಗೇ ಹಾಕೋಣ ಎಂದರು. ವಿದ್ವತ್ತಿನ ಲೆಕ್ಕದಲ್ಲಿ ಅವರ ಮಾತು ಸರಿ. ಬಾನಿಯ ಸುತ್ತ ಕೂತವರಲ್ಲಿ ನಾನಲ್ಲದೆ ಉಳಿದವಳು ಚಿಗವ್ವ ಒಬ್ಬಳೇ. ಸಿರುಗುಪ್ಪದಲ್ಲಿ ಮಗಳು ಪಾರ್ವತಿಯ ಮನೆಯಲ್ಲಿದ್ದಾಳೆ, ಕಣ್ಣು ಮಂಜು, ಕಿವಿ ಚುರುಕು. ರತ್ನಮ್ಮ ಅಚ್ಚಿನಲ್ಲಿ ಸಿಕ್ಕಿದ್ದಾಳೆ ಅಂದಾಗ ತಲೆ ಬಾಚಿಸಿಕೊಂಡು, ಒಗೆದ ಸೀರೆ ಉಟ್ಟು, ಕೇಳಲು ಸಿದ್ಧಳಾಗಿ ಕೂತಿದ್ದಳು. ಕೊನೆಯ ಸಾಲುಗಳನ್ನು ನಾನೂ ಗುರಮ್ಮಜ್ಜಿಯಂತೆ ಬದಲಿಸಿ ಓದಿಬಿಡಲೇ ಅನಿಸಿತು. ಬೇಡ, ಆಕೆಯನ್ನು ಮಗುವಿನಂತೆ ನೋಡಬಾರದು ಎಂದು ಗಟ್ಟಿ ಮನಸ್ಸು ಮಾಡಿ ಇದ್ದದ್ದನ್ನು ಇದ್ದಂತೆ ಓದಿದೆ.

ಚಿಗವ್ವ ಸೆರಗಿನ ತುದಿ ತಿರುವುತ್ತ ಕೇಳಿದಳು.

"ಇದನ್ನ ಯಾರು ಬರದಾರ?"

"ಅಚ್ಚಿನಾಗ ಹಿಂಗ ಐತಿ ಚಿಗವ್ವ. ಅಜ್ಜಿ ನಮಗ ಬ್ಯಾರೆ ಓದಿ ಹೇಳ್ಯಾಳ."

"ಹಂಗಾರ ಅಚ್ಚು ತಪ್ಪೈತಿ. ರತ್ನಮ್ಮ ಬಾಗ್ಲಾ ತಗದಿಲ್ಲ. ಆಕಿ ತಗದಿದ್ರ ನಿಮ್ಮವ್ವ ಎಲ್ಲಿಂದ ಹಾಕ್ತಿದ್ಲು? ನೀ ಎಲ್ಲಿಂದ ಓದ್ತಿದ್ದಿ? ತಿದ್ದು ಅದನ್ನ."

ತಿದ್ದಲು ನನಗೆ ಅಧಿಕಾರವಿಲ್ಲ, ಆ ಸೋದರಿಯ ಅಕ್ಷರ ಅಳಿಸುವಂತಿಲ್ಲ ಎಂದು ಹೇಳಿದೆ. ಅಳಿಸಬೇಡ, ಕೆಳಗೆ ಬರಿ ಅಂದಳು. ನಾನು ಪೆನ್ನು ತೆಗೆದೆ. ಚಿಗವ್ವ ಕಣ್ಣು ಮುಚ್ಚಿ, ಗುರಮ್ಮಜ್ಜಿಯ ಅದೇ ರಾಗದಲ್ಲಿ, ಒಂದು ಮಾತೂ ಆಚೀಚೆಯಾಗದಂತೆ ಹೇಳಿದಳು. ಈಗ ಪುಸ್ತಕ ಅಚ್ಚಿಗೆ ಹೋಗಿದೆ. ಆ ಸೋದರಿಯ ಕಥೆ ಆಕೆಯ ಮುಕ್ತಾಯದೊಂದಿಗೆ ಹಾಗೇ ಇದೆ. ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಕುರುಗೋಡಿನ ಗುರಮ್ಮನವರು ಓದಿದ ಮುಕ್ತಾಯ, ಆಕೆಯ ಹೆಸರಿನಲ್ಲಿ. ಒಂದು ಸಾಲೂ ಬರೆಯದವಳನ್ನು ಲೇಖಕಿಯರ ಸಾಲಿಗೆ ಹೇಗೆ ಸೇರಿಸುತ್ತೀರಿ ಎಂದು ಪ್ರಾಧ್ಯಾಪಕರು ಕೇಳಿದರು. ಸೇರಿಸದಿದ್ದರೆ ನನ್ನ ಹೆಸರನ್ನೂ ತೆಗೆಯಿರಿ ಅಂದೆ. ಸೇರಿಸಿದರು.

ಅಂದು ಚಿಗವ್ವ ಹೇಳಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅಕ್ಕಿ ಗಿರಣಿಗೆ ಹೋಗಿದ್ದ ಪಾರ್ವತಿಯ ಗಂಡ ಇನ್ನೂ ಬಂದಿರಲಿಲ್ಲ.

"ಅವ್ವ, ಅವರೊಬ್ರು ಬರ್ಲಿ, ಎಲ್ಲಾರಿಗೂ ಕೂಡೇ ಹಾಕ್ತೀನಿ," ಎಂದಳು ಪಾರ್ವತಿ ಬಾಗಿಲಲ್ಲಿ ನಿಂತು.

ಚಿಗವ್ವ ನನ್ನ ಕೈ ಹಿಡಿದು ಎದ್ದಳು.

"ಬಂದಾಗ ಉಣ್ತಾನ. ನೀನೂ ಒಂದು ತಾಟು ತಗೊಂಡು ಬಾ, ಕುಂದ್ರು."